ತಳಗೌದಿಗೆ ಕೊಟ್ಟ ಅಳತೆ

ನೆಲದ ಮೇಲೆ ಮಲಗಿ ಏಳುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಎರಡು ವರ್ಷದವಳಿದ್ದಾಗ ಬಂದ ಪೋಲಿಯೊ ನನ್ನ ಬಲಗಾಲನ್ನು ತೆಳ್ಳಗೆ ಮಾಡಿ, ಎಡಗಾಲಿಗಿಂತ ಮೂರು ಇಂಚು ಗಿಡ್ಡ ಉಳಿಸಿ ಹೋಯಿತು. ಮದುವೆ ಮನೆಗಳಲ್ಲಿ ಹೆಂಗಸರೆಲ್ಲ ಜಮಖಾನೆಯ ಮೇಲೆ ಸಾಲಾಗಿ ಮಲಗಿದರೆ ನಾನು ಗೋಡೆಗೆ ಕುರ್ಚಿ ಆನಿಸಿಕೊಂಡು ಕೂತೇ ಬೆಳಗು ಮಾಡುತ್ತಿದ್ದೆ. ಮಲಗಿದರೆ ಏಳುವಾಗ ಯಾರನ್ನಾದರೂ ಕರೆಯಬೇಕಲ್ಲ, ಅದಕ್ಕೆ.

ರಾಣೆಬೆನ್ನೂರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಓಣಿಯ ಅರ್ಧ ಹೆಂಗಸರ ಅಳತೆ ನನ್ನ ಪುಸ್ತಕದಲ್ಲಿದೆ. ಯಾರ ಒಂದು ಭುಜ ಇನ್ನೊಂದಕ್ಕಿಂತ ಇಳಿದಿದೆ, ಯಾರ ಬೆನ್ನು ಬಾಗುತ್ತಿದೆ ಎಂಬುದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನನ್ನ ಕಾಲಿನ ಅಳತೆಯನ್ನು ಮಾತ್ರ ನಾನು ಯಾರಿಗೂ ಕೊಟ್ಟಿರಲಿಲ್ಲ. ಚಪ್ಪಲಿ ಮಾಡುವವರಿಗೂ ಹಳೆಯ ಜೋಡಿ ತೋರಿಸಿ, "ಇಂಥಾದ್ದs ಇನ್ನೊಂದು ಮಾಡಿಕೊಡ್ರಿ" ಎನ್ನುತ್ತಿದ್ದೆ. ನಾನು ಕುಂಟುವುದು ಊರಿಗೆಲ್ಲ ಗೊತ್ತಿತ್ತು. ಕಾಲನ್ನು ಮಾತ್ರ ಅವ್ವನನ್ನು ಬಿಟ್ಟು ಬೇರೆ ಯಾರೂ ನೋಡಿರಲಿಲ್ಲ.

ಈ ಮಾತು ಯಾಕೆ ಮೊದಲೇ ಹೇಳುತ್ತಿದ್ದೇನೆಂದರೆ, ನನ್ನ ಗೆಳತಿ ನನಗೆ ಏನು ಮಾಡಿದಳು ಎಂದು ಯಾರಿಗಾದರೂ ಹೇಳಹೊರಟರೆ ಅವರು, "ಒಂದು ಕೌದಿ ಕಟಿಂಗ್ ತಗೊಂಡಾಳ ಅಷ್ಟ ಹೌದಿಲ್ಲೋ" ಎಂದುಬಿಡುತ್ತಾರೆ. ಅಷ್ಟೇ ಆಗಿದ್ದರೆ ನಾನು ಒಂದು ವಾರ ಸಿಟ್ಟು ಮಾಡಿ ಮರೆಯುತ್ತಿದ್ದೆ.

ಅವಳು ಮತ್ತು ನಾನು ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆಮೇಲೆ ಅವಳು ಮದುವೆಯಾಗಿ ಬ್ಯಾಡಗಿಗೆ ಹೋದಳು. ಅಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಯಾವ ಚೀಲ ಯಾವ ಕೋಣೆಗೆ ಹೋಯಿತು, ಯಾವಾಗ ಹೊರಗೆ ಬಂತು ಎಂದು ಚೀಟಿ ಹರಿದು ಬರೆದಿಡುವ ಕೆಲಸ. ಮೂವತ್ತು ವರ್ಷಗಳಲ್ಲಿ ನಾವು ಫೋನಿನಲ್ಲಿ ಮಾತಾಡದ ದಿನಗಳು ಬಹಳ ಕಡಿಮೆ. ನಾನು ಮಷಿನ್ ತುಳಿಯುತ್ತ ಫೋನನ್ನು ಸ್ಪೀಕರಿಗೆ ಹಾಕಿ ಬಟ್ಟೆಯ ರಾಶಿಯ ಮೇಲೆ ಇಡುತ್ತಿದ್ದೆ. ಆ ಕಡೆ ಅವಳು ಚಹಾ ಕುಡಿಯುತ್ತ ಮನೆಯ ಸುದ್ದಿ, ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನ ಸುದ್ದಿ ಹೇಳುತ್ತಿದ್ದಳು. ಅಂಗಡಿಗೆ ಬಂದ ಗಿರಾಕಿಗಳೂ ಎಷ್ಟೋ ಸಲ ಅವಳಿಗೆ ಉತ್ತರ ಕೊಟ್ಟಿದ್ದಾರೆ.

ಐದು ವರ್ಷದ ಹಿಂದೆ ಅವಳಿಗೆ ಹ್ಯಾಮಕ್ಕಿನ ಹುಚ್ಚು ಹಿಡಿಯಿತು. ಫೋನಿನಲ್ಲಿ ಎಲ್ಲೋ ನೋಡಿದ್ದಳು, ಎರಡು ಮರಗಳ ನಡುವೆ ತೆಳುವಾದ ಬಟ್ಟೆ ಕಟ್ಟಿ, ಅದರೊಳಗೆ ತೂಗುತ್ತ ಮಲಗಿ, ಬಯಲಲ್ಲಿ ಬೆಳಗು ಮಾಡುವುದು. ಎರಡು ತರಿಸಿಯೂ ಬಿಟ್ಟಳು. ಕರ್ಜಗಿ ಹತ್ತಿರ ಅವಳ ತವರಿನವರ ಹೊಲವಿತ್ತು. ಹೊಲದ ಕೊನೆಗೆ ವರದಾ ನದಿಯ ದಂಡೆ, ದಂಡೆಯ ಮೇಲೆ ಹಳೆಯ ಮಾವಿನ ಮರಗಳು. ಕಾವಲಿಗೆ ಅವಳ ಚಿಕ್ಕಪ್ಪ ಅಲ್ಲೇ ಹೊಲದ ಮನೆಯಲ್ಲಿ ಇರುತ್ತಿದ್ದರು. ಹೆದರಿಕೆಯೇನೂ ಇರಲಿಲ್ಲ.

"ನಾ ಒಲ್ಲೆ," ಎಂದೆ. "ಬಯಲಾಗ ಮಲಗೂದು, ಏಳೂದು, ನನ್ನ ಕೈಲೆ ಆಗೂದಲ್ಲ."

"ನೆಲದ ಮ್ಯಾಲ ಯಾರು ಮಲಗು ಅಂದಾರ ನಿನಗ? ಕುರ್ಚಿಮ್ಯಾಗ ಕುಂತಂಗ ಕುಂದ್ರು. ಕಾಲು ಎತ್ತಿ ಒಳಗ ಹಾಕು. ಮುಗೀತು. ಏಳೂಮುಂದ ಕಾಲು ಕೆಳಗ ಬಿಡು, ನಿಂತ್ಕೊ. ಮಂಚಕ್ಕಿಂತ ಸಲೀಸು ಐತಿ ನೋಡು."

ಅವಳು ಹೇಳಿದ್ದು ಖರೆ. ಅವತ್ತು ಸಂಜೆ ಮಾವಿನ ಮರದ ಕೆಳಗೆ ಕೂತೆ, ಕಾಲು ಎತ್ತಿ ಒಳಗೆ ಹಾಕಿದೆ. ಬಟ್ಟೆ ನನ್ನ ಸುತ್ತ ಮೇಲೆದ್ದಿತು. ನೇರ ಮಲಗಿದರೆ ಬಾಳೆಕಾಯಿಯ ಹಾಗೆ ಬಾಗುತ್ತೇವೆ, ಸ್ವಲ್ಪ ಓರೆಯಾಗಿ ಮಲಗಿದರೆ ಬೆನ್ನು ಸಪಾಟಾಗುತ್ತದೆ ಎಂದು ಅವಳು ತೋರಿಸಿಕೊಟ್ಟಳು. ಮಲಗಿದೆ. ಆಮೇಲೆ ಯಾರನ್ನೂ ಕರೆಯದೆ ಎದ್ದು ನಿಂತೆ. ಮತ್ತೆ ಕೂತೆ, ಮಲಗಿದೆ, ಎದ್ದೆ. ಹೀಗೆ ಏಳೆಂಟು ಸಲ ಮಾಡಿದ್ದನ್ನು ನೋಡಿ ಅವಳು ಹೊಟ್ಟೆ ಹಿಡಿದು ನಕ್ಕಳು. ನನ್ನ ಕಣ್ಣಲ್ಲಿ ನೀರಿತ್ತು. ನಲವತ್ನಾಲ್ಕನೆಯ ವಯಸ್ಸಿಗೆ ನಾನು ಮೊದಲ ಸಲ ಮನೆಯ ಹೊರಗೆ ಹಾಸಿಗೆಯಲ್ಲಿ ಮಲಗಿದ್ದೆ.

ಆದರೆ ಚಳಿ! ಅದು ಮಾರ್ಗಶಿರ ಮಾಸ. ಒಳಗೆ ಅವ್ವ ಹತ್ತಿ ತುಂಬಿ ಹೊಲಿದ ದಪ್ಪ ಕೌದಿ ಹಾಸಿಕೊಂಡಿದ್ದೆ, ಮೇಲೆ ಮೇಡ್ಲೇರಿಯ ಕರಿ ಕಂಬಳಿ ಹೊದ್ದಿದ್ದೆ. ಎದೆ ಬೆಚ್ಚಗಿತ್ತು, ಬೆನ್ನು ಬಾವಿಗೆ ಇಳಿಬಿಟ್ಟ ಹಾಗೆ ತಣ್ಣಗಿತ್ತು. ನನ್ನ ಬಲಗಾಲಿನಲ್ಲಿ ರಕ್ತ ಓಡಾಡುವುದೇ ಕಡಿಮೆ. ಬೆಳಗಿನ ಹೊತ್ತಿಗೆ ಅದು ನನ್ನದಲ್ಲ ಎನ್ನುವಷ್ಟು ಮರಗಟ್ಟಿತ್ತು. ಗೆಳತಿಯೂ ಹಲ್ಲು ಕಡಿಯುತ್ತ ಎದ್ದಳು.

ಚಹಾ ಕುಡಿಯುತ್ತ ನಾನು ಕೌದಿಯನ್ನು ಒತ್ತಿ ಒತ್ತಿ ನೋಡಿದೆ. ಹೊಲಿಗೆಯವಳಿಗೆ ಇದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಬೆಚ್ಚಗಿಡುವುದು ಹತ್ತಿಯಲ್ಲ, ಹತ್ತಿಯೊಳಗೆ ಉಬ್ಬಿ ನಿಂತ ಗಾಳಿ. ನಮ್ಮ ಭಾರಕ್ಕೆ ಕೆಳಗಿನ ಕೌದಿ ಅಪ್ಪಚ್ಚಿಯಾದರೆ ಅದು ಬರಿಯ ಅರಿವೆ. ನೆಲದ ಮೇಲಾದರೆ ಕೆಳಗಿನಿಂದ ಗಾಳಿ ಬೀಸುವುದಿಲ್ಲ, ಇಲ್ಲಿ ಕೆಳಗೆಲ್ಲ ಬಯಲು.

"ಕೌದಿ ಒಳಗ ಹಾಸೂದಲ್ಲ," ಎಂದೆ. "ಹ್ಯಾಮಕ್ಕಿನ ಹೊರಗ, ತಳಗ ತೂಗಬಿಡಬೇಕು. ನಮ್ಮ ಭಾರ ಅದರ ಮ್ಯಾಲ ಬೀಳಬಾರದು, ಆದ್ರ ಬೆನ್ನಿಗೆ ಹತ್ತಿಕೊಂಡಿರಬೇಕು."

"ತಳಗೌದಿ!" ಎಂದಳು ಅವಳು. ಹೆಸರು ಅವಳೇ ಇಟ್ಟದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅಲ್ಲಿಂದ ಶುರುವಾಯಿತು ಉದ್ದದ ಪಂಚಾಯಿತಿ. ಅಗಲ ಸುಲಭ, ಎರಡೂ ಪಕ್ಕೆ ಮುಚ್ಚಿದರೆ ಸಾಕು. ಉದ್ದ ಎಷ್ಟಿರಬೇಕು? ಅವಳು, "ಜಾಸ್ತಿ ಇದ್ದಷ್ಟು ಛಲೋ," ಎಂದಳು. ಪ್ಯಾರಾಚೂಟ್ ಬಟ್ಟೆಯ ಎರಡು ಪದರದ ನಡುವೆ ಫೈಬರ್ ಹತ್ತಿ ತುಂಬಿ ಏಳೂವರೆ ಅಡಿಯದು ಹೊಲಿದೆ. ಎರಡು ತುದಿಗೂ ಲಾಡಿ ಪೋಣಿಸಿ, ಇಲಾಸ್ಟಿಕ್ಕಿನಿಂದ ಹ್ಯಾಮಕ್ಕಿಗೆ ಸಿಕ್ಕಿಸಿದೆ. ಅಷ್ಟು ಉದ್ದದ್ದು ನಡುವೆ ಜೋತುಬಿದ್ದಿತು. ಬೆನ್ನಿಗೂ ಕೌದಿಗೂ ನಡುವೆ ಒಂದು ಗೇಣು ಸಂದಿ, ಆ ಸಂದಿಯಲ್ಲಿ ಗಾಳಿಯ ಓಡಾಟ. ಎರಡನೆಯದನ್ನು ನಾಲ್ಕಡಿಗೆ ಇಳಿಸಿದೆ, ಭುಜದಿಂದ ಮೊಣಕಾಲಿನವರೆಗೆ. ಅದು ಮೈಗೆ ಅಂಟಿಕೊಂಡಂತೆ ಕೂತಿತು, ಮಡಚಿದರೆ ಸಣ್ಣ ಚೀಲಕ್ಕೆ ಬಂತು. ಅವಳಿಗೆ ಅದು ಸಾಕಾಯಿತು, ಕಾಲಡಿಗೆ ಒಂದು ದಿಂಬು ಹಾಕಿಕೊಂಡು ಮಲಗಿಬಿಟ್ಟಳು. ನನಗೆ ಸಾಕಾಗಲಿಲ್ಲ. ದಿಂಬು ಜಾರಿದ ಕೂಡಲೇ ನನ್ನ ಬಲಗಾಲು ಮತ್ತೆ ಮರಗಟ್ಟುತ್ತಿತ್ತು.

ಅಷ್ಟರಲ್ಲಿ ಚಳಿಗಾಲ ಮುಗಿಯಿತು. ಫಾಲ್ಗುಣದ ಬಿಸಿಲಲ್ಲಿ ಚಳಿಯ ಪರೀಕ್ಷೆ ಎಲ್ಲಿ ಮಾಡುವುದು?

"ನಮ್ಮಲ್ಲಿಗೆ ಬಾ," ಎಂದಳು ಗೆಳತಿ. "ಬ್ಯಾಡಗಿಯೊಳಗ ವರ್ಷಪೂರ್ತಿ ಚಳಿಗಾಲ ಐತಿ."

ಅವಳು ತನ್ನ ಮ್ಯಾನೇಜರರನ್ನು ಕೇಳಿ ಒಪ್ಪಿಗೆ ತಗೊಂಡಿದ್ದಳು. ಒಂದು ಭಾನುವಾರ ಮಧ್ಯಾಹ್ನ, ಹೊರಗೆ ಡಾಂಬರು ಕರಗುವ ಬಿಸಿಲಿರುವಾಗ, ನಾನು ಸ್ವೆಟರ್ ಹಾಕಿಕೊಂಡು ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ದಾಟಿದೆ. ಒಳಗೆ ಛಾವಣಿಯವರೆಗೆ ಮೆಣಸಿನಕಾಯಿ ಚೀಲಗಳು. ಕೋಣೆಗಳ ಮುಂದಿನ ಉದ್ದನೆಯ ಓಣಿಯಲ್ಲಿ ಎರಡು ಕಬ್ಬಿಣದ ಕಂಬಗಳ ನಡುವೆ ಹ್ಯಾಮಕ್ ಕಟ್ಟಿದಳು. ಆ ಚಳಿಯಲ್ಲೂ ಘಾಟು ಮೂಗಿಗೆ ಹತ್ತುತ್ತಿತ್ತು. ಮಲಗಿದವಳು ಸೀನಿದರೆ ಹ್ಯಾಮಕ್ ತೂಗುತ್ತದೆ, ತೂಗಿದರೆ ನಗು ಬರುತ್ತದೆ. ಹೊರಗೆ ಚೀಲ ಇಳಿಸುತ್ತಿದ್ದ ಹಮಾಲರಲ್ಲೊಬ್ಬರು ಬಾಗಿಲಲ್ಲಿ ಇಣುಕಿ, "ಅಕ್ಕಾರ, ಇವರ ಚೀಟಿ ಹರಿಯೂದೇನ್ರಿ? ಯಾವ ಖೋಲಿಗೆ ಒಯ್ಯೂಣು?" ಎಂದು ಕೇಳಿದರು.

ನಗು ಮುಗಿದ ಮೇಲೆ ಗೆಳತಿ ನನ್ನ ಚೀಲದಿಂದ ಟೇಪು ತೆಗೆದಳು.

"ಅಂದಾಜಿನ ಮ್ಯಾಲ ಎಷ್ಟ ಸಲ ಹೊಲೀತಿ? ಮಲಗಿದಂಗ ಅಳತಿ ತಗೋಬೇಕು. ನಿಂತಾಗಿನ ಉದ್ದ ಬ್ಯಾರೆ, ಇದರಾಗ ಮಲಗಿದಾಗಿನ ಉದ್ದ ಬ್ಯಾರೆ."

"ಭುಜದಿಂದ ಎಡಗಾಲಿನ ಹಿಮ್ಮಡಿತನಕ ತಗೋ, ಸಾಕು," ಎಂದೆ.

"ಥಂಡಿ ಆಗೂದು ಎಡಗಾಲೇನು?"

ನಾನು ಬಾಗಿಲ ಕಡೆ ನೋಡಿದೆ. ಅವಳು ಹೋಗಿ ಬಾಗಿಲನ್ನು ಎಳೆದುಕೊಂಡು ಬಂದಳು, ಹಮಾಲರಿಗೆ ಕಾಣದಂತೆ. "ನೋಡಲೇನು?" ಎಂದಳು.

"ನೋಡು," ಎಂದೆ.

ಸೀರೆಯನ್ನು ಮೊಣಕಾಲಿನವರೆಗೆ ನಾನೇ ಸರಿಸಿದೆ. ಅವಳು ಮುಖದಲ್ಲಿ ಕನಿಕರ ತಂದುಕೊಳ್ಳಲಿಲ್ಲ. ನಾನು ಮುಖವನ್ನೇ ನೋಡುತ್ತಿದ್ದೆ, ಅದಕ್ಕೆ ಹೇಳುತ್ತೇನೆ. ಟೇಪಿನ ಒಂದು ತುದಿಯನ್ನು ನನ್ನ ಭುಜಕ್ಕೆ ಹಿಡಿಸಿ, ಮೊದಲು ಎಡ ಹಿಮ್ಮಡಿ, ಆಮೇಲೆ ಬಲ ಹಿಮ್ಮಡಿ ಅಳೆದಳು. ಮೀನಖಂಡದ ಸುತ್ತಳತೆ ತೆಗೆದಳು. ಒಂದೊಂದನ್ನೂ ಬಾಯಲ್ಲಿ ಹೇಳಿ ಚೀಟಿಯಲ್ಲಿ ಬರೆದಳು. ಕೊನೆಗೆ ನನ್ನ ಬಲ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, "ಇದು ಮಂಜ ಆಗೇತಲ್ಲ ಲೇ," ಎಂದು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

ಮೂರು ಭಾನುವಾರ ಹೀಗೆ ಮಾಡಿದೆವು. ಕೊನೆಗೆ ಸಿಕ್ಕ ಅಳತೆ ಇದು: ತಲೆಗೆ ದಿಂಬು ಇರುವುದರಿಂದ ತಳಗೌದಿ ಭುಜದಿಂದ ಒಂದು ಗೇಣು ಮೇಲೆ ಶುರುವಾಗಬೇಕು, ಹಿಮ್ಮಡಿಯಿಂದ ನಾಲ್ಕು ಬೆರಳು ಆಚೆಗೆ ಮುಗಿಯಬೇಕು. ಅದಕ್ಕಿಂತ ಉದ್ದವಾದರೆ ಖಾಲಿ ಬಟ್ಟೆ ಜೋತುಬಿದ್ದು ಗಾಳಿ ಕೂಡಿಸಿಕೊಳ್ಳುತ್ತದೆ, ಗಿಡ್ಡವಾದರೆ ಕಾಲು ಹೊರಗೆ ಬೀಳುತ್ತದೆ. ನನ್ನ ಎರಡು ಹಿಮ್ಮಡಿಗಳು ಎರಡು ಕಡೆ ಮುಗಿಯುವುದರಿಂದ ನನ್ನ ತಳಗೌದಿಯ ಕಾಲಿನ ತುದಿಯನ್ನು ಓರೆಯಾಗಿ ಕತ್ತರಿಸಿದೆ. ಬಲಬದಿ ಎಡಬದಿಗಿಂತ ಮೂರು ಇಂಚು ಗಿಡ್ಡ. ಬಲ ಮೀನಖಂಡ ಬರುವ ಜಾಗದಲ್ಲಿ ಹತ್ತಿಯನ್ನು ಎರಡು ಪದರ ಮಾಡಿದೆ.

ನಾಲ್ಕನೆಯ ಭಾನುವಾರ ಆ ಕೋಲ್ಡ್ ಸ್ಟೋರೇಜಿನ ಓಣಿಯಲ್ಲಿ ನನಗೆ ನಿದ್ದೆ ಬಂದುಬಿಟ್ಟಿತು. ಎರಡು ತಾಸು ಮಲಗಿದ್ದೆ. ಅವಳು ಎಬ್ಬಿಸಿ ಮೊದಲು ನನ್ನ ಬಲಗಾಲನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಇಬ್ಬರೂ ಕುಣಿಯುವುದೊಂದು ಬಾಕಿ.

ಬಟ್ಟೆ ಕತ್ತರಿಸಲು ಬೇಕಾದ ಕಟಿಂಗ್ ನಕ್ಷೆಯನ್ನು ಕಂದು ಕಾಗದದ ಮೇಲೆ ಬರೆದಿಟ್ಟೆ. ಅವಳು ಅದರ ಫೋಟೋ ತೆಗೆದುಕೊಂಡಳು. "ನಿನ್ನ ಅಂಗಡಿಯೊಳಗ ಇಲಿ ಕಡದರ ಏನ್ ಮಾಡ್ತಿ? ನನ್ನ ಕಡೆ ಒಂದು ಇರ್ಲಿ," ಎಂದಳು. ನನಗದು ಪ್ರೀತಿ ಅನ್ನಿಸಿತು.

ಎರಡು ಚಳಿಗಾಲ ನಾವು ಕರ್ಜಗಿಯ ದಂಡೆಯಲ್ಲಿ ಕಳೆದೆವು. ಆಮೇಲೆ ಅವಳ ಫೋನು ಕಡಿಮೆಯಾಯಿತು. ಮೊದಲು, "ಸೀಜನ್ ಐತಿ, ಚೀಲ ಭಾಳ ಬರಾಕತ್ತಾವ," ಎಂದಳು. ಆಮೇಲೆ ಆಗಾಗ ಹುಬ್ಬಳ್ಳಿಗೆ ಹೋಗಿ ಬರುವುದಿದೆ ಎಂದಳು. ಯಾಕೆಂದು ಕೇಳಿದರೆ, "ಹಿಂಗs ಸುಮ್ನ, ಒಂದು ಕೆಲಸ," ಎಂದು ಮಾತು ತಿರುಗಿಸಿದಳು. ಅವಳಿಗೇನಾದರೂ ಜಡ್ಡು ಬಂದಿದೆಯೋ, ಹುಬ್ಬಳ್ಳಿಯ ಆಸ್ಪತ್ರೆಗೆ ತೋರಿಸುತ್ತಿದ್ದಾಳೋ ಎಂದು ನಾನು ಹೆದರಿದೆ. ಶನಿವಾರ ಹನುಮಪ್ಪನ ಗುಡಿಗೆ ಹೋಗಿ ಅವಳ ಹೆಸರಿನಲ್ಲಿ ಎಣ್ಣೆ ಹಾಕಿಸಿ ಬಂದೆ. ಈಗ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಕಳೆದ ವರ್ಷ ದೀಪಾವಳಿಯ ಗದ್ದಲ ಮುಗಿದು ಅಂಗಡಿ ಸ್ವಲ್ಪ ಖಾಲಿಯಾಗಿತ್ತು. ಒಂದು ಮುಂಜಾನೆ ಹಾವೇರಿಯಿಂದ ಒಬ್ಬ ಹೆಣ್ಣುಮಗಳು ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರು, ರಜೆಯಲ್ಲಿ ಗೆಳತಿಯರ ಜೊತೆ ಗುಡ್ಡ ಹತ್ತುವವರು. ಚೀಲದಿಂದ ಒಂದು ಮಡಚಿದ ಗಂಟು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಇದನ್ನ ಒಂಚೂರು ಸರಿ ಮಾಡಿಕೊಡ್ತೀರೇನ್ರಿ? ಹ್ಯಾಮಕ್ಕಿನ ಕೆಳಗ ಕಟ್ಟೂದ್ರಿ ಇದು. ಬೆನ್ನಿಗೆಲ್ಲ ಭಾಳ ಛಲೋ ಐತ್ರಿ. ಆದ್ರ ಬಲಗಾಲಿಂದು ಏನೋ ಗಡಬಡ ಐತಿ. ಮೀನಖಂಡ ಬೆವರತೈತಿ, ಹಿಮ್ಮಡಿ ಮಾತ್ರ ಥಂಡಿ ಹೊಡೀತೈತಿ."

ಗಂಟು ಬಿಚ್ಚುವ ಮೊದಲೇ ನನ್ನ ಕೈಗೆ ಗೊತ್ತಾಯಿತು ಎಂದು ಹೇಳಿದರೆ ಸುಳ್ಳಾದೀತು. ಬಿಚ್ಚಿದೆ, ಮೇಜಿನ ಮೇಲೆ ಹಾಸಿದೆ. ಬಟ್ಟೆ ಚೆಂದದ್ದು, ಹೊಲಿಗೆ ಕಾರ್ಖಾನೆಯದು, ಮೂಲೆಯಲ್ಲಿ ಹುಬ್ಬಳ್ಳಿಯ ಲೇಬಲ್. ತಲೆಯ ಕಡೆ ಒಂದು ಗೇಣು ಹೆಚ್ಚು. ಕಾಲಿನ ತುದಿ ಓರೆ. ಟೇಪು ಹಿಡಿದೆ. ಬಲಬದಿ ಮೂರು ಇಂಚು ಗಿಡ್ಡ. ಮೀನಖಂಡದ ಜಾಗವನ್ನು ಬೆರಳಿನಿಂದ ಒತ್ತಿದೆ. ಎರಡು ಪದರ.

ನನ್ನ ಕಾಲು ಮೇಜಿನ ಮೇಲೆ ಹಾಸಿಕೊಂಡು ಬಿದ್ದಿತ್ತು. ಹಾಗನ್ನಿಸಿತು ನನಗೆ. ಗಿರಾಕಿಯ ಮುಂದೆ, ಹಗಲು ಬೆಳಕಿನಲ್ಲಿ. ನಾನು ಗೊತ್ತಿಲ್ಲದೆ ಸೀರೆಯ ನೆರಿಗೆಯನ್ನು ಕೆಳಗೆ ಎಳೆದುಕೊಂಡೆ.

"ಎಲ್ಲಿ ತಗೊಂಡ್ರಿ ಇದನ್ನ?" ಎಂದೆ.

"ಬ್ಯಾಡಗಿಯವರೊಬ್ಬರು ಮಾಡಸ್ತಾರ್ರಿ. ನೋಡ್ರಿ," ಎಂದು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು.

ನನ್ನ ಗೆಳತಿ. ನಾನೇ ಹೊಲಿದುಕೊಟ್ಟ ಹಸಿರು ಜಂಪರ್ ಹಾಕಿಕೊಂಡು, ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಿದ್ದಳು. "ಸರಿಯಾದ ಉದ್ದ ಕಂಡುಹಿಡಿಯಲು ನಾನೊಬ್ಬಳೇ ವಾರಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿ ಪರೀಕ್ಷೆ ಮಾಡಿದೆ," ಎಂದಳು. ಸೀನು ಬರುತ್ತಿದ್ದದ್ದು, ಹಮಾಲರು ಚೀಟಿ ಹರಿಯುವುದೇನು ಎಂದು ಕೇಳಿದ್ದು, ಎಲ್ಲವನ್ನೂ ಹೇಳಿ ನಕ್ಕಳು. ಎಲ್ಲ ಅವಳಿಗೇ ಆದದ್ದು. ಆಮೇಲೆ ಕಾಲಿನ ತುದಿಯನ್ನು ತೋರಿಸಿ, "ಇಲ್ಲಿ ಓರೆಯಾಗಿರುವುದನ್ನು ಗಮನಿಸಿ. ಹ್ಯಾಮಕ್ಕಿನಲ್ಲಿ ಓರೆಯಾಗಿ ಮಲಗುವವರಿಗೆಂದೇ ಇದು ನನ್ನ ವಿಶೇಷ ವಿನ್ಯಾಸ," ಎಂದಳು.

ನಾನು ಫೋನನ್ನು ವಾಪಸು ಕೊಟ್ಟೆ. ಮೇಡಂ ನನ್ನ ಮುಖ ನೋಡಿ, "ಯಾಕ್ರಿ, ಆಗೂದಿಲ್ಲೇನ್ರಿ?" ಎಂದರು.

"ಆಗತೈತ್ರಿ. ಕುಂದ್ರಿ," ಎಂದೆ.

ಅವರನ್ನು ಕೂಡಿಸಿಕೊಂಡೇ ಸರಿಮಾಡಿದೆ. ಬಲಬದಿಯ ಹೊಲಿಗೆ ಬಿಚ್ಚಿ ಮೂರು ಇಂಚಿನ ಪಟ್ಟಿ ಕೂಡಿಸಿದೆ, ಮೀನಖಂಡದಿಂದ ಒಂದು ಪದರ ತೆಗೆದು ಆ ಪಟ್ಟಿಗೆ ತುಂಬಿದೆ. ಹಿತ್ತಲಿನ ಎರಡು ಕಂಬಕ್ಕೆ ಅವರ ಹ್ಯಾಮಕ್ ಕಟ್ಟಿಸಿ, ಮಲಗಿಸಿ, ಎರಡು ಹಿಮ್ಮಡಿಗಳ ಆಚೆಗೂ ನಾಲ್ಕು ಬೆರಳು ಇದೆಯೇ ಎಂದು ನೋಡಿದೆ. ಇತ್ತು. "ನೀವು ಮೊದಲ ಇಂಥಾದ್ದು ಹೊಲದೀರೇನ್ರಿ? ಇಷ್ಟ ಲಗೂ ತಿಳೀತಲ್ಲ ನಿಮಗ!" ಎಂದರು. "ಹೊಲದೇನ್ರಿ," ಎಂದಷ್ಟೇ ಹೇಳಿದೆ.

ಮರುದಿನ ಅಂಗಡಿಗೆ ಕೀಲಿ ಹಾಕಿ ಬ್ಯಾಡಗಿಯ ಬಸ್ ಹತ್ತಿದೆ. ಇಡೀ ದಾರಿ ಮನಸ್ಸಿನಲ್ಲಿ ಅವಳ ಪರವಾಗಿ ನಾನೇ ಮಾತಾಡುತ್ತಿದ್ದೆ. ಹೇಳಬೇಕೆಂದಿರಬಹುದು, ಸಂಕೋಚವಾಗಿರಬಹುದು. ವಿಡಿಯೊದಲ್ಲಿ ಯಾರೋ ಬರೆದುಕೊಟ್ಟದ್ದನ್ನು ಓದಿರಬಹುದು. ಮೂವತ್ತು ವರ್ಷದ ಗೆಳೆತನಕ್ಕೆ ಒಂದು ಕಾರಣವನ್ನಾದರೂ ಹುಡುಕಿಕೊಡಬೇಕು ಎನ್ನುವ ಹಾಗೆ ಹುಡುಕುತ್ತಿದ್ದೆ.

ಆಫೀಸಿನಲ್ಲಿ ಅವಳು ಒಬ್ಬಳೇ ಇದ್ದಳು. ನನ್ನನ್ನು ನೋಡಿದ ಕೂಡಲೇ ಎದ್ದಳು. ಅವಳ ಮುಖದಲ್ಲಿ ಸಂತೋಷಕ್ಕಿಂತ ಮೊದಲು ಇನ್ನೇನೋ ಬಂದು ಹೋಯಿತು. ಬಸ್ಸಿನಲ್ಲಿ ಹುಡುಕಿಕೊಂಡ ಕಾರಣಗಳೆಲ್ಲ ಅಲ್ಲಿಗೆ ಮುಗಿದವು.

"ಹುಬ್ಬಳ್ಳಿದು ನೋಡಿದೆ," ಎಂದೆ.

ಅವಳು ಕೂತಳು. ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ಹೇಳಬೇಕಂತ ಮಾಡಿದ್ದೆ. ಇವತ್ತು ನಾಳೆ ಅನಕೋತ ಹಂಗs ಉಳೀತು. ನಿನಗ ಸಿಟ್ಟು ಬರ್ತೈತಿ ಅಂತ ಗೊತ್ತಿತ್ತು."

"ನೀ ಒಬ್ಬಾಕಿನ ಮಲಗಿದ್ದಿ ಇಲ್ಲೆ?"

"ವಿಡಿಯೊದಾಗ ಹಂಗs ಹೇಳಬೇಕಾಗತೈತಿ. ಇಬ್ಬರ ಸುದ್ದಿ ಹೇಳಿದರ ಉದ್ದ ಆಗತೈತಿ ಅಂದ್ರು ಹುಬ್ಬಳ್ಳಿ ಕಾರ್ಖಾನಿಯವರು." ಅವಳ ದನಿ ಸ್ವಲ್ಪ ಗಟ್ಟಿಯಾಯಿತು. "ಅಲ್ಲ, ಖರೇ ಹೇಳು. ಇದನ್ನ ಹೊರಗ ಒಯ್ಯೂ ವಿಚಾರ ನಿನಗ ಎಂದರ ಬಂದಿತ್ತೇನು? ನೀ ಆ ಅಂಗಡಿ ಬಿಟ್ಟು ಹೊರಗ ಬರೂ ಪೈಕಿನs ಅಲ್ಲ. ಆ ಕಾಗದ ನಿನ್ನ ಕಡೆ ಧೂಳು ತಿಂತಿತ್ತು. ನಾ ಓಡಾಡಿ ಮಾಡಿದೆ. ಬೇಕಾದರ ನಿನ್ನ ಹೆಸರೂ ಹಾಕ್ಸತೀನಿ."

ನಾನು ಹೆಸರು ಕೇಳಲು ಬಂದಿರಲಿಲ್ಲ. ನನಗೆ ಬೇಕಾದದ್ದು ಬೇರೆಯೇ ಇತ್ತು. ನಿನ್ನೆಯಿಂದ ಅದೊಂದೇ ನನ್ನೊಳಗೆ ತಿರುಗುತ್ತಿತ್ತು. ನನ್ನ ಕಾಲನ್ನು ಊರೂರಿಗೆ ಕಳಿಸುವಾಗ ಇವಳಿಗೆ ಒಮ್ಮೆಯೂ ಅಳುಕಾಗಲಿಲ್ಲವೇ?

"ಬಲಗಡೆ ಯಾಕ ಗಿಡ್ಡ ಐತಿ?" ಎಂದು ಕೇಳಿದೆ.

"ಆಂ?"

"ತಳಗೌದಿ. ಬಲಬಾಜು ಮೂರು ಇಂಚು ಯಾಕ ಗಿಡ್ಡ ಐತಿ, ಹೇಳು."

"ಓರೆ ಮಲಗೂದಕ್ಕಲ್ಲೇನು?" ಎಂದಳು. ಅದನ್ನು ಅವಳು ಸುಳ್ಳಿಗೆ ಹೇಳಲಿಲ್ಲ. ಗೊತ್ತಿರುವ ಸಂಗತಿಯನ್ನು ಯಾಕೆ ಕೇಳುತ್ತಾಳೆ ಎನ್ನುವ ಹಾಗೆ ನೋಡುತ್ತಿದ್ದಳು.

"ಮೀನಖಂಡಕ್ಕ ಯಾಕ ಎರಡು ಪದರ?"

"ಅದು... ನೀನs ಹಂಗ ಹೊಲದಿದ್ದಿಯಲ್ಲ. ಏನರ ಇರ್ತೈತಿ ಅಂತ ಹಂಗs ಮಾಡಿಸಿದೆ."

ನಾನು ಬಲಗಾಲನ್ನು ಸ್ವಲ್ಪ ಮುಂದೆ ಇಟ್ಟೆ. ಅಷ್ಟೇ ಮಾಡಿದ್ದು. ಅವಳ ಕಣ್ಣು ಕೆಳಗೆ ಹೋಯಿತು, ಎತ್ತರದ ಅಟ್ಟೆಯ ಚಪ್ಪಲಿಯ ಮೇಲೆ ನಿಂತಿತು. ಆಮೇಲೆ ಅವಳ ಕೈ ಬಾಯಿಗೆ ಹೋಯಿತು.

"ಅಯ್ಯ ಶಿವನ... ನನಗ ನೆನಪs ಹಾರಿತ್ತು ಲೇ. ಖರೇ ಹೇಳ್ತೀನಿ, ನೆನಪs ಇರಲಿಲ್ಲ."

ಅವಳು ನಿಜ ಹೇಳುತ್ತಿದ್ದಳು. ನಾನು ಬಂದ ಮೇಲೆ ಅವಳು ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ ಇರಬೇಕು. ಅದೇ ನನ್ನನ್ನು ಕುಸಿಯುವಂತೆ ಮಾಡಿತು. ಕಟಿಂಗ್ ಕದ್ದದ್ದನ್ನು ತಡೆದುಕೊಂಡಿದ್ದೆ, ನನ್ನನ್ನು ಮಾತಿನಿಂದ ಅಳಿಸಿಹಾಕಿದ್ದನ್ನೂ ತಡೆದುಕೊಂಡಿದ್ದೆ. ಬಾಗಿಲು ಎಳೆದುಕೊಂಡು ಬಂದು, ಟೇಪು ಹಿಡಿದು, ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡವಳು ಇವಳೇ. ನನಗೆ ಆ ಮಧ್ಯಾಹ್ನದ ಒಂದೊಂದು ನಿಮಿಷವೂ ನೆನಪಿದೆ. ನನ್ನ ಬದುಕಿನಲ್ಲಿ ಅಂಥದ್ದು ಆದದ್ದೇ ಒಂದು ಸಲ. ಅವಳಿಗೆ ಅದು ಬರಿಯ ಒಂದು ಅಳತೆಯಾಗಿ, ಆಮೇಲೆ ವಿನ್ಯಾಸವಾಗಿ, ಕೊನೆಗೆ ಏನೂ ಅಲ್ಲದ್ದಾಗಿ ಹೋಗಿತ್ತು. ನಾನು ಒಬ್ಬಳೇ ಅದನ್ನು ಗೆಳೆತನ ಎಂದು ಕಾಪಾಡಿಕೊಂಡು ಬಂದಿದ್ದೆ.

"ಚಹಾ ತರಸ್ತೀನಿ, ಕುಂದ್ರು," ಎಂದಳು. ಅವಳ ಕಣ್ಣು ತುಂಬಿತ್ತು.

"ಒಲ್ಲೆ. ಬಸ್ಸಿನ ಹೊತ್ತಾತು," ಎಂದು ಹೊರಗೆ ಬಂದೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಕೂತ ಮುದುಕಿಯೊಬ್ಬರು ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ, "ಘಾಟು ಹತ್ತೇತೇನ ಯವ್ವಾ? ಹೊಸಬರಿಗೆ ಹಂಗs ಆಗತೈತಿ," ಎಂದು ತಮ್ಮ ನೀರಿನ ಬಾಟಲಿ ಕೊಟ್ಟರು. ಹೌದೆಂದು ಹೇಳಿ ಕುಡಿದೆ.

ಹದಿನೈದು ದಿನ ಅವಳು ಫೋನು ಮಾಡಿದಳು, ನಾನು ಎತ್ತಲಿಲ್ಲ. ಆಮೇಲೆ ಒಂದು ಮೆಸೇಜು ಬಂತು. ಕ್ಷಮಿಸು ಎಂದು ನಾಲ್ಕು ಸಾಲು ಬರೆದಿದ್ದಳು. ಐದನೆಯ ಸಾಲಿನಲ್ಲಿ, ಇನ್ನೂ ಇಬ್ಬರು ಬಲಗಾಲಿನ ದೂರು ಹೇಳಿದ್ದಾರೆ, ಹುಬ್ಬಳ್ಳಿಯವರು ಕೇಳುತ್ತಿದ್ದಾರೆ, ಎಷ್ಟು ಕೂಡಿಸಬೇಕು, ಪದರ ಎಲ್ಲಿಂದ ಎಲ್ಲಿಗೆ ತೆಗೆಯಬೇಕು ಎಂದು ಕೇಳಿದ್ದಳು.

ಕ್ಷಮೆ ಕೇಳಲು ಆ ಐದನೆಯ ಸಾಲು ಬರಬೇಕಾಯಿತೇ ಎಂದು ನನಗೆ ನಗು ಬಂತು. ಎರಡು ದಿನ ಉತ್ತರ ಕೊಡಲಿಲ್ಲ. ಆದರೆ ಅವಳ ಕಾರಣಕ್ಕೆ ಗುರುತಿಲ್ಲದವರು ಯಾವುದೋ ಗುಡ್ಡದ ಮೇಲೆ ಒಂದು ಕಾಲು ಹೆಪ್ಪುಗಟ್ಟಿಸಿಕೊಂಡು ಒದ್ದಾಡುತ್ತಾರೆ ಎಂಬುದು ನನ್ನನ್ನು ಬಿಡಲಿಲ್ಲ. ಆ ಒದ್ದಾಟ ಎಂಥದ್ದೆಂದು ನನಗೆ ಗೊತ್ತು. ಮೂರನೆಯ ದಿನ ಬರೆದೆ: "ಬಲಬದಿಗೆ ಮೂರು ಇಂಚು ಕೂಡಿಸು. ಮೀನಖಂಡದ ಮೇಲಿನ ಪದರ ಪೂರಾ ತೆಗೆಸು. ಎರಡೂ ಬದಿ ಒಂದೇ ಸಮ ಇರಲಿ. ನಮ್ಮ ಕಾಗದದ ಫೋಟೋ ಅಳಿಸಿಬಿಡು." ಕೈಮುಗಿದ ಚಿತ್ರವೊಂದು ಬಂತು. ಫೋಟೋ ಅಳಿಸಿದಳೋ ಇಲ್ಲವೋ ಕೇಳಲಿಲ್ಲ. ಅಳಿಸಿದೆ ಎಂದು ಹೇಳಿದ್ದರೆ ನಂಬುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.

ಅದರ ನಂತರ ನಾವು ಮಾತಾಡಿಲ್ಲ. ಅಂಗಡಿಯಲ್ಲಿ ಮೊದಮೊದಲು ಗಿರಾಕಿಗಳು, "ನಿಮ್ಮ ಬ್ಯಾಡಗಿ ಗೆಳತಿ ದನಿ ಕೇಳಿ ಭಾಳ ದಿನ ಆತಲ್ಲ," ಎನ್ನುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ರೇಡಿಯೊ ಹಚ್ಚಿಡುತ್ತೇನೆ.

ಹಾವೇರಿಯ ಮೇಡಂ ಮಾತ್ರ ಆಗಾಗ ಬರುತ್ತಾರೆ. ಈ ಸಲ ಪುಷ್ಯದ ಚಳಿಯಲ್ಲಿ ತಮ್ಮ ಗುಂಪಿನ ಜೊತೆ ಗುತ್ತಲದ ಆಚೆ, ತುಂಗಭದ್ರೆಯ ದಂಡೆಯ ಒಂದು ತೋಟಕ್ಕೆ ನನ್ನನ್ನೂ ಕರೆದರು. ಬೇಡವೆನ್ನಲು ಬಾಯಿ ತೆರೆದವಳು ಹೂಂ ಎಂದುಬಿಟ್ಟೆ. ಗೆಳತಿಯ ಮೇಲಿನ ಸಿಟ್ಟಿಗೆ ನಾನು ಮತ್ತೆ ಕುರ್ಚಿಯಲ್ಲಿ ಕೂತು ಬೆಳಗು ಮಾಡಬೇಕೇ?

ಹೋದೆ. ಬೇವಿನ ಮರಗಳ ನಡುವೆ ಐದು ಹ್ಯಾಮಕ್ಕುಗಳು. ನಸುಕಿನಲ್ಲಿ ಎದ್ದಾಗ ನದಿಯ ಮೇಲೆ ಮಂಜಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಚೆನ್ನಾಗಿ ನಿದ್ದೆ ಬಂದಿತ್ತು. ಮೇಡಂ ಚಹಾದ ಲೋಟ ಹಿಡಿದು ಬಂದು, ನನ್ನ ಹ್ಯಾಮಕ್ಕಿನ ಕೆಳಗಿದ್ದ ತಳಗೌದಿಯ ಓರೆ ತುದಿಯನ್ನು ಬಾಗಿ ನೋಡಿದರು. ಅವರ ಕಣ್ಣಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ನಿಮ್ಮದು ಯಾಕ್ರಿ ಹಿಂಗ ಐತಿ? ಈ ಉದ್ದ ಹೆಂಗ ತೆಗದ್ರಿ?" ಎಂದು ಕೇಳಿದರು.

ಒಳ್ಳೆಯ ಹೆಣ್ಣುಮಗಳು. ಹೇಳಿದ್ದರೆ ತಿಳಿದುಕೊಳ್ಳುತ್ತಿದ್ದರು.

"ಹಂಗs ಅಂದಾಜಿನ ಮ್ಯಾಲ್ರಿ," ಎಂದೆ. ಇಲಾಸ್ಟಿಕ್ ಬಿಚ್ಚಿ, ತಳಗೌದಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು, ಅವರ ಕೈಯಿಂದ ಚಹಾ ತಗೊಂಡೆ.